ಗಂಟು ಕೆಳಗೆ, ಕಾರಣ ಮೇಲೆ!

ನಾಳೆ ಬೆಳಿಗ್ಗೆ ಕೊಡಬೇಕಾದ ರವಿಕೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ಒಂದು ಗೇಣು ಹೊಲಿಯುವಷ್ಟರಲ್ಲಿ ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸಿಕ್ಕಾಗುತ್ತದೆ. ರಿಪೇರಿ ಮಾಡುವವರು ಇರುವುದು ದೂರದ ಪೇಟೆಯಲ್ಲಿ. ಈಗೇನು ಮಾಡುವುದು?

ಮಕ್ಕಳೇ, ಎಷ್ಟೋ ಸಲ ಯಂತ್ರ ಕೆಟ್ಟಿರುವುದೇ ಇಲ್ಲ! ಹಾಗಾದರೆ ತಪ್ಪು ಎಲ್ಲಿದೆ? ಅದನ್ನು ತಿಳಿಯಲು ಹೊಲಿಗೆ ಹೇಗೆ ಬೀಳುತ್ತದೆ ಎಂಬುದನ್ನು ಮೊದಲು ನೋಡೋಣ.

ಕೈಹೊಲಿಗೆಗೆ ಒಂದೇ ದಾರ ಸಾಕು. ಮನೆಯ ಹೊಲಿಗೆ ಯಂತ್ರಕ್ಕೆ ಎರಡು ಬೇಕು. ಒಂದು ಮೇಲಿನ ಉಂಡೆಯಿಂದ ಬರುತ್ತದೆ. ಇನ್ನೊಂದು ಕೆಳಗಿನ ಬಾಬಿನ್‌ನಿಂದ ಬರುತ್ತದೆ. ಯಂತ್ರದ ಸೂಜಿಯ ಕಣ್ಣು ಮೊನೆಯ ಬಳಿಯೇ ಇರುತ್ತದೆ. ಇಂಥ ಸೂಜಿ ಹಾಗೂ ಎರಡು ದಾರಗಳಿಂದ ಹೊಲಿಯುವ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದರು.

ಸೂಜಿ ಬಟ್ಟೆಯನ್ನು ತೂರಿ ಕೆಳಗಿಳಿಯುತ್ತದೆ. ಮತ್ತೆ ತುಸು ಮೇಲೇಳುವಾಗ ದಾರ ಸಡಿಲಗೊಂಡು ಚಿಕ್ಕ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್‌ನ ಸುತ್ತ ದಾಟಿಸುತ್ತದೆ. ಆಗ ಎರಡು ದಾರಗಳೂ ಹೆಣೆದುಕೊಳ್ಳುತ್ತವೆ.

ಇಲ್ಲಿಂದ ಹಗ್ಗ ಜಗ್ಗಾಟ ಶುರು! ಮೇಲಿನ ದಾರ ಮೇಲಕ್ಕೆ, ಕೆಳಗಿನ ದಾರ ಕೆಳಕ್ಕೆ ಜಗ್ಗುತ್ತವೆ. ಎರಡೂ ಸಮನಾಗಿ ಜಗ್ಗಿದರೆ ಹೆಣಿಗೆ ಬಟ್ಟೆಯ ನಡುವೆ ಅಡಗುತ್ತದೆ. ಮೇಲಿನ ದಾರ ಸಡಿಲವಾದರೆ ಹೆಣಿಗೆ ಕೆಳಗೆ ಜಾರುತ್ತದೆ. ಅದೇ ಗಂಟು! ಅಂದರೆ ಗಂಟು ಕಾಣುವುದು ಕೆಳಗೆ, ಕಾರಣ ಇರುವುದು ಹೆಚ್ಚಾಗಿ ಮೇಲೆ.

ಈಗ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

ಅಡಿಯಲ್ಲಿ ಗಂಟು: ಬಟ್ಟೆಯನ್ನು ಒತ್ತುವ ಪಾದವನ್ನು ಮೇಲೆತ್ತಿ, ಮೇಲಿನ ದಾರವನ್ನು ಮೊದಲಿನಿಂದ ಪೋಣಿಸಬೇಕು. ಪಾದ ಎತ್ತಿದಾಗ ದಾರವನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ. ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ.

ಹೊಲಿಗೆ ಬಿಟ್ಟುಬಿಟ್ಟು ಬೀಳುವುದು: ಕೊಕ್ಕೆಗೆ ಕುಣಿಕೆ ಸಿಗುತ್ತಿಲ್ಲ. ಸೂಜಿ ಬಾಗಿರಬಹುದು, ಮೊಂಡಾಗಿರಬಹುದು ಅಥವಾ ಪೂರ್ತಿ ಮೇಲಕ್ಕೆ ಸೇರಿರಲಿಕ್ಕಿಲ್ಲ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗಾಡಿ ಇರುತ್ತದೆ. ದಾರವನ್ನು ಆ ಬದಿಯಿಂದಲೇ ಪೋಣಿಸಬೇಕು.

ಮೇಲಿನ ದಾರ ತುಂಡಾಗುವುದು: ಬಿಲ್ಲೆಗಳ ತಿರುಪು ಅತಿಯಾಗಿ ಬಿಗಿಯಾಗಿರಬಹುದು. ದಪ್ಪ ದಾರಕ್ಕೆ ಸಣ್ಣ ಸೂಜಿ ಹಾಕಿದರೂ ಹೀಗಾಗುತ್ತದೆ. 14ನೇ ನಂಬರಿನ ಸೂಜಿ ಸುಮಾರು 0.9 ಮಿಲಿಮೀಟರ್ ದಪ್ಪ, 16ನೇ ನಂಬರಿನದು ಸುಮಾರು 1 ಮಿಲಿಮೀಟರ್.

ಬಟ್ಟೆ ಮುಂದೆ ಸಾಗದಿರುವುದು: ಪಾದದ ಕೆಳಗಿರುವ ಹಲ್ಲುಗಳು ಬಟ್ಟೆಯನ್ನು ತಳ್ಳುತ್ತವೆ. ಅಲ್ಲಿ ಸೇರಿದ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆಯಬೇಕು.

ಎಚ್ಚರ! ಇದನ್ನೆಲ್ಲ ದೊಡ್ಡವರ ಜೊತೆಯಲ್ಲೇ ಮಾಡಿ. ಪೆಡಲಿನ ಮೇಲೆ ಯಾರ ಕಾಲೂ ಇರಬಾರದು. ಮೋಟಾರ್ ಇದ್ದರೆ ಮೊದಲು ಪ್ಲಗ್ ತೆಗೆಯಿರಿ.

ಮಾಡಿ ನೋಡಿ: ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿಸಿ. ಹಳೆಯ ಬಟ್ಟೆಯ ಮೇಲೆ ಮೂರು ಸಾಲು ಹೊಲಿಸಿ. ಮೊದಲ ಸಾಲಿಗೆ ಮೇಲಿನ ತಿರುಪು ಸಡಿಲವಿರಲಿ, ಎರಡನೆಯದಕ್ಕೆ ಹದವಾಗಿರಲಿ, ಮೂರನೆಯದಕ್ಕೆ ಬಿಗಿಯಾಗಿರಲಿ. ಬಟ್ಟೆಯನ್ನು ತಿರುಗಿಸಿ ನೋಡಿ. ಕೆಂಪು ಬಣ್ಣ ಕೆಳಗೆ ಇಣುಕಿದ್ದು ಯಾವ ಸಾಲಿನಲ್ಲಿ? ಬಿಳಿ ಬಣ್ಣ ಮೇಲೆ ಬಂದದ್ದು ಯಾವುದರಲ್ಲಿ? ಹಗ್ಗ ಜಗ್ಗಾಟದಲ್ಲಿ ಗೆದ್ದವರು ಯಾರು ಎಂದು ಆಗ ನೀವೇ ಹೇಳಬಲ್ಲಿರಿ.