ಹೊಸ ಹಾಡಿನ ಹಾದಿ

ರಾತ್ರಿಯ ಊಟ ಮುಗಿದಿದೆ. ಹಿರಿಯರು ವಾರ್ತೆಗಾಗಿ ಕಾದು ಕುಳಿತಿದ್ದಾರೆ. ಅಷ್ಟರಲ್ಲಿ ಮನೆಯ ಹುಡುಗ ರೇಡಿಯೋದ ಗುಂಡಿಯನ್ನು ಎತ್ತಲೋ ತಿರುಗಿಸುತ್ತಾನೆ. ನಡುಮನೆಯಲ್ಲೆಲ್ಲ ವಿದ್ಯುತ್ ಗಿಟಾರಿನ ಮೊರೆತ, ಡ್ರಮ್ಮುಗಳ ಬಡಿತ! "ಏನೋ ಅದು ಗದ್ದಲ? ಮೊದಲು ನಿಲ್ಲಿಸು!" ಎಂದು ಒಂದು ಗರ್ಜನೆ. ಇಂಥ ಪ್ರಸಂಗ ನಡೆಯದ ಮನೆ ಅಪರೂಪ. ಹಾಗೆ ಗರ್ಜಿಸಿದವರಲ್ಲಿ ಈ ಲೇಖನ ಬರೆಯುತ್ತಿರುವ ನಾನೂ ಒಬ್ಬ.

ನಾನು ಕನ್ನಡ ಪಂಡಿತ. ಗಮಕವನ್ನೂ ಕೀರ್ತನೆಯನ್ನೂ ಕೇಳುತ್ತ ಬೆಳೆದವನು. ಮೇಷ್ಟರಾದ ಹೊಸದರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಒಂದು ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಸಾರ್, ಇದನ್ನು ಒಂದು ಸಲ ಕೇಳಿ ನೋಡಿ" ಎಂದ. ಒಳಗಿನ ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ಹತ್ತು ಹನ್ನೆರಡು ವಿದೇಶೀ ಬ್ಯಾಂಡುಗಳ ಹೆಸರನ್ನು ಮುದ್ದಾಗಿ ಬರೆದಿದ್ದ. ನಾನು ಕೇಳಲಿಲ್ಲ. "ಇದೂ ಒಂದು ಸಂಗೀತವೇನಯ್ಯ?" ಎಂದು ನಕ್ಕು ಹಿಂದಿರುಗಿಸಿದೆ. ಹುಡುಗ ಏನೂ ಹೇಳದೆ ಜೇಬಿಗಿಟ್ಟುಕೊಂಡ. ಆಮೇಲೆ ಆತ ತರಗತಿಯಲ್ಲಿ ನನ್ನನ್ನು ಪ್ರಶ್ನೆ ಕೇಳುವುದನ್ನೂ ಬಿಟ್ಟುಬಿಟ್ಟ. ಅವನು ತಂದದ್ದು ಕ್ಯಾಸೆಟ್ಟು ಮಾತ್ರವಲ್ಲ, ತನಗೆ ಪ್ರಿಯವಾದುದನ್ನು ಹಂಚಿಕೊಳ್ಳುವ ವಿಶ್ವಾಸವನ್ನೂ ತಂದಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆದಕಾರಣ ಓದುಗರೇ, ಇಂದು ಒಂದು ಪ್ರಶ್ನೆಯನ್ನು ವಿಚಾರಮಾಡೋಣ. ಯಾರೂ ಡಂಗುರ ಹೊಡೆಯದ ಒಂದು ಒಳ್ಳೆಯ ಹಾಡು ಕೇಳುಗನ ಕಿವಿಗೆ ಬಂದು ಸೇರುವುದು ಹೇಗೆ? ಇಂಗ್ಲೆಂಡಿನಲ್ಲಿ ರೇಡಿಯೋದ ಮೂಲಕವೇ ಇದಕ್ಕೆ ಉತ್ತರ ಕೊಟ್ಟವನೊಬ್ಬನಿದ್ದ. ಅವನ ಕಥೆಯನ್ನು ತಿಳಿದರೆ ನಮ್ಮ ನಡುಮನೆಯ ಜಗಳಕ್ಕೂ ಒಂದು ದಾರಿ ಕಾಣಬಹುದು.

ಮೊದಲು ಈ 'ಗದ್ದಲ'ದ ಸ್ವರೂಪವೇನೆಂದು ನೋಡೋಣ. ರಾಕ್ ಸಂಗೀತ ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅಲ್ಲಿಯ ಕಪ್ಪು ಜನರ ಬ್ಲೂಸ್ ಹಾಡುಗಳೂ ಹಳ್ಳಿಗಾಡಿನ ಹಾಡುಗಳೂ ಅದರ ಬೇರುಗಳು. ಅದರ ಮುಖ್ಯ ವಾದ್ಯ ವಿದ್ಯುತ್ ಗಿಟಾರು. ಉಕ್ಕಿನ ತಂತಿ ಮಿಡಿದಾಗ ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ದೊಡ್ಡದು ಮಾಡುತ್ತದೆ. ಆ ಯಂತ್ರದ ಶಕ್ತಿಯನ್ನು ಮೀರಿ ದುಡಿಸಿದರೆ ನಾದ ಒಡೆದು ಒರಟಾಗುತ್ತದೆ. ನಾವು ಕರ್ಕಶವೆನ್ನುವ ಆ ಒರಟುತನ ಅವರು ಬೇಕೆಂದೇ ಆರಿಸಿಕೊಂಡ ಬಣ್ಣ. ಬ್ಯಾಂಡು ಎಂದರೆ ಸಾಮಾನ್ಯವಾಗಿ ಮೂವರು, ನಾಲ್ವರು ಅಥವಾ ಐವರು ಗೆಳೆಯರ ಮೇಳ. ಹೆಚ್ಚಿನವರು ತಮ್ಮ ಹಾಡುಗಳನ್ನು ತಾವೇ ಕಟ್ಟಿ, ತಾವೇ ಬಾರಿಸಿ ಹಾಡುತ್ತಾರೆ.

ದೊಡ್ಡ ಕಂಪನಿಗಳ ಹೆದ್ದಾರಿಯನ್ನು ಬಿಟ್ಟು ಕಾಲುದಾರಿಯಲ್ಲಿ ನಡೆದ, ಸಣ್ಣ ಸಣ್ಣ ಸಂಸ್ಥೆಗಳಿಂದ ತಟ್ಟೆಗಳನ್ನು ಹೊರಡಿಸಿದ ಬ್ಯಾಂಡುಗಳಿಗೆ ೧೯೮೦ರ ದಶಕದಲ್ಲಿ 'ಆಲ್ಟರ್ನೇಟಿವ್' ಎಂಬ ಹೆಸರು ಬಿತ್ತು. ನಾವು ಇದನ್ನು ಪರ್ಯಾಯ ಸಂಗೀತವೆನ್ನಬಹುದು. ಇನ್ನು ಎಲೆಕ್ಟ್ರಾನಿಕ್ ಸಂಗೀತದಲ್ಲಿ ತಂತಿಯಿಂದಲೋ ಕೊಳಲಿನಿಂದಲೋ ಅಲ್ಲದೆ, ನೇರವಾಗಿ ವಿದ್ಯುತ್ತಿನ ಆಂದೋಲನದಿಂದಲೇ ನಾದ ಹುಟ್ಟುತ್ತದೆ. ಬಿ.ಬಿ.ಸಿ.ಯು ೧೯೫೮ರಲ್ಲಿ ಲಂಡನ್ನಿನ ಮೈಡಾ ವೇಲ್ ಕಟ್ಟಡದಲ್ಲಿ ಇದಕ್ಕಾಗಿ ಒಂದು ಕಾರ್ಯಾಗಾರವನ್ನೇ ತೆರೆಯಿತು. ಅಲ್ಲಿ ಡೀಲಿಯಾ ಡರ್ಬಿಶೈರ್ ಎಂಬಾಕೆ ೧೯೬೩ರಲ್ಲಿ 'ಡಾಕ್ಟರ್ ಹೂ' ಎಂಬ ಧಾರಾವಾಹಿಗೆ, ರಾನ್ ಗ್ರೇನರ್ ರಚಿಸಿದ ಮಟ್ಟನ್ನು ನಾದಕ್ಕಿಳಿಸಿದರು. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಹುಟ್ಟಿಸಿ, ಟೇಪಿನಲ್ಲಿ ಮುದ್ರಿಸಿ, ಆ ಟೇಪನ್ನು ಅಳತೆಗೆ ಕತ್ತರಿಸಿ ಅಂಟಿಸಿದ ಕೆಲಸವದು. ಮಾಲೆಗಾರನು ಹೂ ಕಟ್ಟಿದಂತೆ ಸ್ವರ ಕಟ್ಟುವ ಇಂಥ ತಾಳ್ಮೆಯನ್ನು ಕೇಳಿದ ಮೇಲೆ, "ಯಂತ್ರದ ಸಂಗೀತಕ್ಕೆ ಶ್ರಮವೆಲ್ಲಿದೆ?" ಎನ್ನಲು ನನಗೆ ನಾಲಗೆ ಏಳಲಿಲ್ಲ.

ಈಗ ಕಥಾನಾಯಕನ ಕಡೆಗೆ ಬರೋಣ. ಜಾನ್ ಪೀಲ್ ಎಂದು ಹೆಸರಾದವನ ನಿಜನಾಮ ಜಾನ್ ರೇವನ್ಸ್‌ಕ್ರಾಫ್ಟ್. ಲಿವರ್‌ಪೂಲಿನ ಬಳಿಯ ಹೆಸ್ವಾಲ್ ಎಂಬ ಊರಿನಲ್ಲಿ ೧೯೩೯ರಲ್ಲಿ ಹುಟ್ಟಿದ. ೧೯೬೦ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ರೇಡಿಯೋ ನಿಲಯಗಳಲ್ಲಿ ಕೆಲಸ ಕಲಿತ. ೧೯೬೭ರಲ್ಲಿ ಹಿಂದಿರುಗಿ, ಇಂಗ್ಲೆಂಡಿನ ಪೂರ್ವ ತೀರದಾಚೆ ಹಡಗಿನಿಂದ ಪ್ರಸಾರ ಮಾಡುತ್ತಿದ್ದ 'ರೇಡಿಯೋ ಲಂಡನ್'ಗೆ ಸೇರಿದ. ಯುವಕರು ಬಯಸುವ ಸಂಗೀತ ನೆಲದ ಮೇಲಿನ ರೇಡಿಯೋದಲ್ಲಿ ಸಾಕಷ್ಟು ಸಿಗದಿದ್ದುದರಿಂದ ಇಂಥ ಕಡಲ ನಿಲಯಗಳು ಹುಟ್ಟಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರ ಕಾನೂನಿನ ಮೂಲಕ ಅವುಗಳನ್ನು ತಡೆಯಿತು. ಸೆಪ್ಟೆಂಬರ್ ೩೦ರಂದು ಬಿ.ಬಿ.ಸಿ. ತಾನೇ 'ರೇಡಿಯೋ ೧' ಎಂಬ ನಿಲಯವನ್ನು ಆರಂಭಿಸಿತು. ಪೀಲ್ ಅಲ್ಲಿಗೆ ಸೇರಿ, ೨೦೦೪ರ ಅಕ್ಟೋಬರಿನಲ್ಲಿ ಪೆರು ದೇಶದ ಪ್ರವಾಸದಲ್ಲಿ ತೀರಿಕೊಳ್ಳುವವರೆಗೆ, ೩೭ ವರ್ಷ ಅಲ್ಲಿಯೇ ಹಾಡು ಕೇಳಿಸಿದ.

ಅವನ ಹೆಸರಿನೊಡನೆ ಸೇರಿಹೋದ ಒಂದು ವ್ಯವಸ್ಥೆಯಿದೆ. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ರೇಡಿಯೋದಲ್ಲಿ ತಟ್ಟೆಗಳನ್ನೇ ಹಾಕುತ್ತ ಹೋದರೆ ವಾದ್ಯಗಾರರ ಹೊಟ್ಟೆಪಾಡೇನು? ಹೀಗೆಂದು ಸಂಗೀತಗಾರರ ಸಂಘವು ಹಟಹಿಡಿದದ್ದರಿಂದ, ದಿನಕ್ಕೆ ಇಷ್ಟೇ ಗಂಟೆ ತಟ್ಟೆ ನುಡಿಸಬೇಕೆಂಬ ಕಟ್ಟುಪಾಡು ಬಿ.ಬಿ.ಸಿ.ಗೆ ಇತ್ತು. ತಟ್ಟೆಯ ಮೇಲೆ ಸೂಜಿ ಇರಬಹುದಾದ ಅವಧಿಯಾದ್ದರಿಂದ ಅದಕ್ಕೆ 'ಸೂಜಿಯ ಕಾಲ' ಎಂದೇ ಹೆಸರು. ಉಳಿದ ವೇಳೆಯನ್ನು ತುಂಬಲು ಬ್ಯಾಂಡುಗಳನ್ನು ನಿಲಯಕ್ಕೆ ಕರೆಸಿ ಮುದ್ರಿಸಿಕೊಳ್ಳಬೇಕಾಗಿತ್ತು. ಒಂದೇ ದಿನ, ಸಾಮಾನ್ಯವಾಗಿ ನಾಲ್ಕು ಹಾಡು. ತಿದ್ದಿ ತೀಡಲು ಹೆಚ್ಚು ಬಿಡುವಿಲ್ಲ. ಬಹುಪಾಲು ಮುದ್ರಣ ನಡೆದದ್ದು ಆ ಮೈಡಾ ವೇಲ್ ಕಟ್ಟಡದಲ್ಲಿಯೇ. ಬೇರೆಯವರಿಗೆ ತೊಡಕಾಗಿದ್ದ ಈ ನಿಯಮವನ್ನು ಪೀಲ್ ಮತ್ತು ಅವನ ಸಹೋದ್ಯೋಗಿಗಳು ವರವನ್ನಾಗಿ ಮಾಡಿಕೊಂಡರು. ತಟ್ಟೆ ಹೊರಡಿಸಲು ಹಣವಿಲ್ಲದ ಬ್ಯಾಂಡಿಗೂ ಒಂದು ದಿನದ ಸಂಭಾವನೆ, ಒಳ್ಳೆಯ ಮುದ್ರಣ, ನಾಡೆಲ್ಲ ಕೇಳುವ ಅವಕಾಶ ಮೂರೂ ದೊರೆತವು. ಅವನ ಕಾಲದಲ್ಲಿ ೨,೦೦೦ಕ್ಕೂ ಹೆಚ್ಚು ಕಲಾವಿದರ ೪,೦೦೦ಕ್ಕೂ ಹೆಚ್ಚು ಇಂಥ ಮುದ್ರಣಗಳಾದವು. ಮ್ಯಾಂಚೆಸ್ಟರಿನ 'ದಿ ಫಾಲ್' ಎಂಬ ಒಂದೇ ಬ್ಯಾಂಡಿನವು ೨೪! 'ನಿರ್ವಾಣ' ಎಂಬ ನಮ್ಮ ಪದವನ್ನೇ ಹೆಸರಾಗಿಟ್ಟುಕೊಂಡ ಅಮೆರಿಕದ ಬ್ಯಾಂಡು ಲೋಕವಿಖ್ಯಾತವಾದದ್ದು ೧೯೯೧ರಲ್ಲಿ. ಪೀಲನಿಗಾಗಿ ಅದು ಹಾಡಿದ್ದು ೧೯೮೯ರಲ್ಲಿಯೇ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉತ್ತರ ಐರ್ಲೆಂಡಿನ ಡೆರಿ ಪಟ್ಟಣ ೧೯೭೮ರಲ್ಲಿ ಗುಂಡು, ಬಾಂಬುಗಳ ನಡುವೆ ಬದುಕುತ್ತಿತ್ತು. ಅಲ್ಲಿಯ ಐವರು ಹುಡುಗರ 'ದಿ ಅಂಡರ್‌ಟೋನ್ಸ್' ಬ್ಯಾಂಡು 'ಟೀನೇಜ್ ಕಿಕ್ಸ್' ಎಂಬ ಹಾಡನ್ನು ಮುದ್ರಿಸಿತು. ಎರಡೂವರೆ ನಿಮಿಷದ ಹಾಡು, ರಾಜಕೀಯವಿಲ್ಲ, ರೋಷವಿಲ್ಲ, ಹದಿಹರೆಯದ ಹುಡುಗನ ಸರಳವಾದ ಹಂಬಲವಷ್ಟೆ. ಬೆಲ್‌ಫಾಸ್ಟಿನಲ್ಲಿ ತಟ್ಟೆಯಂಗಡಿ ಇಟ್ಟಿದ್ದ ಟೆರಿ ಹೂಲಿ ಎಂಬವರು ತಮ್ಮ ಪುಟ್ಟ ಸಂಸ್ಥೆಯಿಂದ ಅದನ್ನು ಹೊರಡಿಸಿದರು. ತಟ್ಟೆ ಪೀಲನ ಕೈಗೆ ಬಂತು. ಆ ಸೆಪ್ಟೆಂಬರಿನ ಒಂದು ರಾತ್ರಿ ಅವನು ಅದನ್ನು ಹಾಕಿದ. ಮುಗಿದೊಡನೆ ಅದನ್ನೇ ಮತ್ತೊಮ್ಮೆ ಹಾಕಿದ. ಬೆನ್ನಹಿಂದೆಯೇ ದೊಡ್ಡ ಕಂಪನಿಯೊಂದು ಆ ಹುಡುಗರನ್ನು ಹುಡುಕಿಕೊಂಡು ಬಂತು. ತನ್ನ ಅತ್ಯಂತ ಪ್ರಿಯವಾದ ಹಾಡು ಅದೇ ಎಂದು ಪೀಲ್ ಕೊನೆಯವರೆಗೂ ಹೇಳುತ್ತಿದ್ದ. ಸಫೋಕ್ ಪ್ರಾಂತದ ಹಳ್ಳಿಯೊಂದರಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಆ ಹಾಡಿನ ಸಾಲೊಂದನ್ನು ಕೆತ್ತಿದ್ದಾರೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ 'ಸಹೃದಯ' ಎಂಬ ಮಾತಿದೆ. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನು ಎಂದು ಅರ್ಥ. ಕಾವ್ಯ ಕವಿಯಲ್ಲಿ ಹುಟ್ಟಿ ಸಹೃದಯನಲ್ಲಿ ಪೂರ್ಣವಾಗುತ್ತದೆ. ಪೀಲ್ ಹಾಡುಗಾರನಲ್ಲ, ವಾದ್ಯಗಾರನಲ್ಲ. ಅವನು ವೃತ್ತಿಯಿಂದಲೇ ಸಹೃದಯ. ಜರ್ಮನಿಯ 'ಟ್ಯಾಂಜರೀನ್ ಡ್ರೀಮ್' ಬ್ಯಾಂಡಿನ ಎಲೆಕ್ಟ್ರಾನಿಕ್ ಸಂಗೀತ, ಜಿಂಬಾಬ್ವೆಯ 'ಭುಂಡು ಬಾಯ್ಸ್' ಮೇಳದ ಗಿಟಾರು, ಮ್ಯಾಂಚೆಸ್ಟರಿನ ಒರಟು ದನಿ ಎಲ್ಲವೂ ಅವನ ಕಾರ್ಯಕ್ರಮದಲ್ಲಿ ಪಂಕ್ತಿಭೇದವಿಲ್ಲದೆ ಕುಳಿತವು. ಕೆಲವೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಡುತ್ತಿದ್ದ. ತಪ್ಪಾಯಿತೆಂದು ಹೇಳಿ ಮತ್ತೆ ಹಾಕುತ್ತಿದ್ದ. ಆ ಸಲಿಗೆಯೇ ಕೇಳುಗರಿಗೆ ನಂಬಿಕೆ ತಂದಿತು.

ಕೇಳುಗರೇನು ಸುಮ್ಮನೆ ಕುಳಿತವರೇ? ೧೯೭೬ರಲ್ಲಿ ಪಂಕ್ ಎಂಬ ಬಿರುಸಿನ ಹಾಡುಗಳನ್ನು ಅವನು ಹಾಕತೊಡಗಿದಾಗ ಹಳೆಯ ಕೇಳುಗರು ಸಿಟ್ಟಾಗಿ ಕಾಗದ ಬರೆದರು. ಅದೇ ವರ್ಷದ ಕೊನೆಯಿಂದ ಕೇಳುಗರೇ ಮತಕೊಟ್ಟು ಐವತ್ತು ಹಾಡುಗಳನ್ನು ಆರಿಸುವ ಪದ್ಧತಿ ಆರಂಭವಾಯಿತು. ಆ ಮೊದಲ ಪಟ್ಟಿಯ ತುದಿಯಲ್ಲಿದ್ದದ್ದು 'ಲೆಡ್ ಜೆಪ್ಪೆಲಿನ್' ಬ್ಯಾಂಡಿನ ದೀರ್ಘವಾದ, ನಿಧಾನವಾಗಿ ಏರುವ ಹಾಡು. ಕೇಳುಗರು ಮತ್ತೆ ಮತಕೊಟ್ಟ ೧೯೭೮ರಲ್ಲಿ ಆ ಸ್ಥಾನಕ್ಕೆ ಬಂದದ್ದು 'ಸೆಕ್ಸ್ ಪಿಸ್ಟಲ್ಸ್' ಎಂಬ ಪಂಕ್ ಬ್ಯಾಂಡಿನ ಹಾಡು. ಎರಡೇ ವರ್ಷದಲ್ಲಿ ಅಭಿರುಚಿ ಹೀಗೆ ತಿರುಗಿತ್ತು! ರುಚಿಯೆಂಬುದು ಕಲ್ಲಿನ ಶಾಸನವಲ್ಲ, ನೀರುಣಿಸಿದರೆ ಬೆಳೆಯುವ ಗಿಡ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಂಚುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಫಿಲಿಪ್ಸ್ ಕಂಪನಿ ೧೯೬೩ರಲ್ಲಿ ತಂದ ಕ್ಯಾಸೆಟ್ಟು ಈ ಹೊತ್ತಿಗೆ ಮನೆಮನೆಗೆ ಬಂದಿತ್ತು. ಹುಡುಗರು ರಾತ್ರಿ ಹಾಸಿಗೆಯಲ್ಲಿ ಕುಳಿತು ಪೀಲನ ಕಾರ್ಯಕ್ರಮವನ್ನು ಮುದ್ರಿಸಿಕೊಂಡು, ಮೆಚ್ಚಿದ್ದನ್ನು ಆಯ್ದು, ಗೆಳೆಯರಿಗೆ ಕೊಡುತ್ತಿದ್ದರು. ತಟ್ಟೆ ಕಂಪನಿಗಳು, ಮನೆಯಲ್ಲಿ ಹೀಗೆ ಮುದ್ರಿಸಿಕೊಳ್ಳುವುದು ಸಂಗೀತವನ್ನೇ ಕೊಲ್ಲುತ್ತದೆಂದು ೧೯೮೦ರ ದಶಕದ ಆರಂಭದಲ್ಲಿ ಪ್ರಚಾರ ನಡೆಸಿದವು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹಾಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ಆ ಹುಡುಗರಲ್ಲಿ ಎಷ್ಟೋ ಮಂದಿ, ಪುಕ್ಕಟೆ ಕೇಳಿ ಮೆಚ್ಚಿದ ಬ್ಯಾಂಡಿನ ತಟ್ಟೆಯನ್ನು ಕೂಡಿಟ್ಟ ಕಾಸಿನಿಂದ ಕೊಂಡವರೂ ಹೌದು. ಪೀಲ್ ತೀರಿಕೊಂಡ ಮೇಲೆ ಅವನ ಎಷ್ಟೋ ಹಳೆಯ ಕಾರ್ಯಕ್ರಮಗಳು ಮತ್ತೆ ಕೇಳಲು ಸಿಕ್ಕಿದ್ದು ಇಂಥ ಕ್ಯಾಸೆಟ್ಟುಗಳಿಂದಲೇ.

ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ನೀವು ಕೇಳಿದ್ದನ್ನು ಲೆಕ್ಕವಿಟ್ಟು, ಅದರಂಥದೇ ಇನ್ನೊಂದನ್ನು ಯಂತ್ರವೇ ಮುಂದೆ ತಂದಿಡುತ್ತದೆ. ಇದು ದೊಡ್ಡ ಅನುಕೂಲ, ಅಲ್ಲಗಳೆಯಲಾರೆ. ಆದರೆ ನಿನ್ನೆ ತಿಂದದ್ದನ್ನೇ ಇಂದೂ ಬಡಿಸುವುದು ಅದರ ಸಹಜ ಒಲವು. "ನಿಮಗೆ ಇದು ಹಿಡಿಸದಿರಬಹುದು, ಆದರೂ ಒಮ್ಮೆ ಕೇಳಿ, ನನಗಂತೂ ಬಹಳ ಇಷ್ಟ" ಎನ್ನುವುದಕ್ಕೆ ಒಬ್ಬ ಮನುಷ್ಯ ಬೇಕು. ಹಾಗೆ ಹೇಳುವವನು ತನ್ನ ಮಾನವನ್ನೂ ಸ್ವಲ್ಪ ಪಣಕ್ಕೊಡ್ಡಿರುತ್ತಾನೆ. ನನ್ನ ಆ ವಿದ್ಯಾರ್ಥಿ ಒಡ್ಡಿದ್ದು ಅದನ್ನೇ.

ನಮ್ಮವರಿಗೆ ಇದು ಹೊಸದೇನಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ್ದೂ ತಮಗೆ ದೊರೆತುದನ್ನು ಊರಿಗೆ ಹಂಚುವ ಉತ್ಸಾಹದಿಂದಲೇ. ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿ ರಘು ದೀಕ್ಷಿತ್ ಅವರು ಹೊರನಾಡುಗಳಿಗೂ ಕೇಳಿಸಿದ್ದಾರೆ. ಹಳೆಯದೆಂದು ಹೊಗಳದೆ ಹೊಸದೆಂದು ತೆಗಳದೆ ಪರೀಕ್ಷಿಸಿ ನೋಡಬೇಕೆಂಬ ವಿಚಾರವನ್ನು ಕಾಳಿದಾಸನೇ 'ಮಾಳವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿ ತಂದಿದ್ದಾನೆ. ಅದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದ ನಾನು, ಪರೀಕ್ಷೆಯ ಸಮಯ ಬಂದಾಗ ಒಂದು ಕ್ಯಾಸೆಟ್ಟನ್ನು ಕೇಳಲಾರದೆ ಹೋದೆ.

ಕೇಳುವ ಬಗೆಯನ್ನು ಕುರಿತು ಎರಡು ಮಾತು ಹೇಳಿ ಮುಗಿಸುತ್ತೇನೆ. ಅಪರಿಚಿತವಾದ ರಾಕ್ ಹಾಡನ್ನು ಕೇಳುವಾಗ ಪದಗಳ ಬೆನ್ನು ಹತ್ತಬೇಡಿ. ಮೊದಲ ಸಲ ತಗ್ಗುಸ್ವರದ ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಎರಡನೆಯ ಸಲ, ಕಚೇರಿಯಲ್ಲಿ ಮೃದಂಗವನ್ನು ಗಮನಿಸುವಂತೆ, ಡ್ರಮ್ಮಿನ ಲೆಕ್ಕವನ್ನು ಹಿಡಿಯಿರಿ. ಮೂರನೆಯ ಸಲಕ್ಕೆ ಗದ್ದಲ ತಾನಾಗಿಯೇ ಬಿಡಿಬಿಡಿಯಾಗಿ ಕಾಣುತ್ತದೆ. ಆಮೇಲೂ ಹಿಡಿಸದಿದ್ದರೆ "ಹಿಡಿಸಲಿಲ್ಲ" ಎನ್ನಿ. ಅದು ನಿಮ್ಮ ಹಕ್ಕು. "ಇದು ಸಂಗೀತವೇ ಅಲ್ಲ" ಎಂದು ಮಾತ್ರ ಅನ್ನಬೇಡಿ.

ನಮ್ಮ ಮನೆಯಲ್ಲಿ ಈಗೊಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಶನಿವಾರ ರಾತ್ರಿ ಊಟವಾದ ಮೇಲೆ ಮಗಳು ಒಂದು ಹಾಡು ಆರಿಸುತ್ತಾಳೆ, ನಾನೊಂದು ಆರಿಸುತ್ತೇನೆ. ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಕಳೆದ ತಿಂಗಳು ಅವಳು 'ಟೀನೇಜ್ ಕಿಕ್ಸ್' ಹಾಕಿದಳು. ಮುಗಿದಾಗ ಎಲ್ಲರೂ ನನ್ನ ಮುಖ ನೋಡಿದರು. "ಇನ್ನೊಂದು ಸಲ ಹಾಕಮ್ಮ" ಎಂದೆ. ಆ ಹಳೆಯ ವಿದ್ಯಾರ್ಥಿ ಎಲ್ಲಿದ್ದಾನೋ ತಿಳಿಯದು. ಅವನ ಪಟ್ಟಿಯಲ್ಲಿ ಈ ಹಾಡೂ ಇತ್ತೇ ಎಂದು ಕೇಳಬೇಕೆನ್ನಿಸಿತು.