ಕೊಟ್ಟಿಗೆಯಿಂದ ತೊಟ್ಟಿಲಿಗೆ

ಹಾಲು ಕುಡಿದು ಹಾಯಾಗಿ ಮಲಗಿರುವ ಕೂಸು. ವಾಂತಿಯಿಲ್ಲ, ಭೇದಿಯಿಲ್ಲ. ಅಂಥ ಕೂಸಿನ ಮಲವನ್ನು ಪರೀಕ್ಷೆಗೆ ಕಳಿಸುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು 1980ರ ದಶಕದ ಕೊನೆಗೆ ಆ ಕೆಲಸಕ್ಕೆ ಕೈಹಾಕಿದರು. ನಗರದ ಆಸ್ಪತ್ರೆಗಳಲ್ಲಿ ಆಗತಾನೇ ಹುಟ್ಟಿದ, ಆರೋಗ್ಯವಾಗಿಯೇ ಇದ್ದ ಶಿಶುಗಳಲ್ಲಿ ರೋಟಾವೈರಸ್ ಸಿಕ್ಕಿತು.

ಎಳೆಯ ಮಕ್ಕಳನ್ನು ವಾಂತಿಭೇದಿಯಿಂದ ಒಣಗಿಸಿಬಿಡುವ ವೈರಾಣು ಇದು. ಆಸ್ಟ್ರೇಲಿಯಾದ ರೂತ್ ಬಿಷಪ್ ತಂಡ 1973ರಲ್ಲಿ ಇದನ್ನು ಮಕ್ಕಳ ಕರುಳಿನಲ್ಲಿ ಗುರುತಿಸಿತ್ತು. ಇದರ ಆರ್‌ಎನ್‌ಎ ಇರುವುದು 11 ತುಂಡುಗಳಲ್ಲಿ. ಎರಡು ತಳಿಗಳು ಒಂದೇ ಜೀವಕೋಶ ಹೊಕ್ಕರೆ ತುಂಡುಗಳು ಅದಲುಬದಲಾಗುತ್ತವೆ. ಬೆಂಗಳೂರಿನ ತಳಿಗೆ ಐ321 ಎಂದು ಹೆಸರಾಯಿತು. ಬಿಡಿಸಿ ನೋಡಿದರೆ ಅದರ 9 ತುಂಡುಗಳು ದನದ ವೈರಾಣುವಿನವು, ಎರಡು ಮಾತ್ರ ಮನುಷ್ಯರದ್ದು! ಕೊಟ್ಟಿಗೆಗೆ ಗೋಡೆ ತಾಗಿದ ಮನೆಗಳು ಹಳ್ಳಿಗಳಲ್ಲಿ ಈಗಲೂ ಇವೆ. ಈ ತಳಿ ಸಿಕ್ಕಿದ್ದು ಮಾತ್ರ ಮಹಾನಗರದ ಹೆರಿಗೆ ವಾರ್ಡಿನಲ್ಲಿ.

ನವಜಾತರ ಕರುಳೇ ಏಕೆ? ಈ ತಳಿಯ ಹೊರಕವಚದ ಪ್ರೋಟೀನು ಅಂಟಿಕೊಳ್ಳುವ ಒಂದು ಬಗೆಯ ಸಕ್ಕರೆ ಸರಪಳಿ ಎಳೆಗೂಸಿನ ಕರುಳಿನಲ್ಲಿ ಹೇರಳ. ಬೆಳೆದಂತೆ ಅದರ ಸ್ವರೂಪ ಬದಲಾಗುತ್ತದೆ. ಹಸುವಿನ ಹಾಲಿನಲ್ಲೂ ಅದೇ ಸಕ್ಕರೆ ಇದೆ.

ಆದರೆ ಬೆಂಗಳೂರಿನ ಈ ತಳಿಯನ್ನು ಸಾಧು ವೈರಾಣು ಎಂದು ನಂಬುವಂತಿಲ್ಲ. ವೆಲ್ಲೂರಿನಲ್ಲಿ ಇದೇ ಮಾದರಿಯ ತಳಿ ನವಜಾತರಿಗೆ ಭೇದಿ ಹಚ್ಚಿತು. ಒಮ್ಮೆ ತಗುಲಿದ ಮಕ್ಕಳಿಗೆ ಮುಂದೆ ರಕ್ಷಣೆಯೂ ಸಿಗಲಿಲ್ಲ.

ದೆಹಲಿಯ ಕಥೆ ಬೇರೆ. ಏಮ್ಸ್‌ನಲ್ಲಿ ಎಂ.ಕೆ. ಭಾನ್ ತಂಡಕ್ಕೆ ಸಿಕ್ಕ 116ಇ ಮನುಷ್ಯರ ತಳಿಯೇ, ದನದ್ದು ಒಂದೇ ತುಂಡು. ಅದು ತಗುಲಿದ ಶಿಶುಗಳಿಗೆ ಮುಂದೆ ರೋಟಾ ಭೇದಿ ಕಡಿಮೆಯಾಗಿತ್ತು. ಎರಡೂ ತಳಿಗಳನ್ನು ಲಸಿಕೆಯಾಗಿ ಶಿಶುಗಳಿಗೆ ಕೊಟ್ಟು ನೋಡಿದಾಗ (2006ರಲ್ಲಿ ಫಲಿತಾಂಶ ಪ್ರಕಟವಾಯಿತು) ಪ್ರತಿಕಾಯ ಮೂಡಿಸುವಲ್ಲಿ ಬೆಂಗಳೂರಿನದು ಹಿಂದೆ ಬಿತ್ತು. ಗೆದ್ದ 116ಇ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ ‘ರೋಟಾವ್ಯಾಕ್’ ಆಗಿ 2015ರಲ್ಲಿ ಹೊರಬಂತು. ಪುಣೆಯ ಸೀರಂ ಸಂಸ್ಥೆಯ ‘ರೋಟಾಸಿಲ್’ನಲ್ಲೂ ದನ-ಮನುಷ್ಯರ ವೈರಾಣುಗಳ ಬೆರಕೆಯೇ ಇರುವುದು.

ಕರ್ನಾಟಕದ ಸಾರ್ವತ್ರಿಕ ಲಸಿಕಾ ಪಟ್ಟಿಗೆ ರೋಟಾ ಲಸಿಕೆ ಸೇರಿದ್ದು 2019ರಲ್ಲಿ. ಕೂಸಿಗೆ ಇದು 6, 10 ಮತ್ತು 14ನೇ ವಾರ ಬಾಯಿಗೇ, ಸೂಜಿಯಿಲ್ಲ. 6,799 ಶಿಶುಗಳ ಮೇಲಿನ ಪರೀಕ್ಷೆಯಲ್ಲಿ ರೋಟಾವ್ಯಾಕ್ ತಡೆದದ್ದು ತೀವ್ರ ರೋಟಾ ಭೇದಿಯ ಅರ್ಧಕ್ಕಿಂತ ತುಸು ಹೆಚ್ಚನ್ನು. ಹಾಗಾಗಿ ಲಸಿಕೆ ಹಾಕಿಸಿದ ಮನೆಯಲ್ಲೂ ಓಆರ್‌ಎಸ್ ಪೊಟ್ಟಣ ಬೇಕು. ಭೇದಿಯಾದರೆ ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಮುಂದುವರಿಸಬೇಕು.