ಆಕ್ಸ್‌ಫರ್ಡ್‌ಗೆ ಹೋದ ಹುಡುಗ ಪ್ರಾಣೇಶಾಚಾರ್ಯನಾಗಿ ಬಂದ!

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಇಳಿದು ಒಮ್ಮೆ ತಲೆ ಎತ್ತಿ ನೋಡಿ. ಒಂದು ಕಾಲದಲ್ಲಿ ಇಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಪುಟ್ಟಣ್ಣ ಚಿತ್ರಮಂದಿರದ ಪೋಸ್ಟರು. ಆ ಥಿಯೇಟರು ಈಗಿಲ್ಲ. ಈಗ ಕಾಣೋದು ಅಮೆರಿಕಾ, ಕೆನಡಾ, ಜರ್ಮನಿ, ಆಸ್ಟ್ರೇಲಿಯಾ ಅಂತ ಬರೆದ ಬೋರ್ಡುಗಳು. ವಿದೇಶದಲ್ಲಿ ಓದಲು ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಸುವವರೊಬ್ಬರು, ವೀಸಾ ಕೊಡಿಸುವವರೊಬ್ಬರು, ಸಾಲ ಕೊಡಿಸುವವರು ಮತ್ತೊಬ್ಬರು!

ಬನಶಂಕರಿಯಲ್ಲಿ ನಮ್ಮ ಬೀದಿಯ ತಾಯಿಯೊಬ್ಬರು ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು: ‘ಮಗನ್ನ ಫಾರಿನ್‌ಗೆ ಕಳಿಸ್ತಾ ಇದೀವಿ ಸಾರ್. ಸಾಲ ಹೇಗೋ ತೀರುತ್ತೆ. ಹೋದೋನು ವಾಪಸ್ ಬರ್ತಾನಾ ಅನ್ನೋದೇ ಯೋಚನೆ ನೋಡಿ. ಅಲ್ಲಾ, ನೀವು ಸಿನಿಮಾದೋರು, ನಿಮಗೇನು ಗೊತ್ತಿರುತ್ತೆ ಬಿಡಿ!’

ಸಿನಿಮಾದವರಿಗೆ ಗೊತ್ತಿರದೆ ಏನು? ಕನ್ನಡದ ಒಂದು ಚರಿತ್ರಾರ್ಹ ಚಿತ್ರ ಹುಟ್ಟಿದ್ದೇ ಹೀಗೆ ಹೊರದೇಶಕ್ಕೆ ಓದಲು ಹೋದ ಹುಡುಗರಿಂದ. ಅವರಲ್ಲೊಬ್ಬರು ನಮ್ಮ ಪಕ್ಕದ ಜೆ.ಪಿ. ನಗರದಲ್ಲೇ ಬಹಳ ವರ್ಷ ಮನೆ ಮಾಡಿಕೊಂಡಿದ್ದರು. ಹೆಸರು ಗಿರೀಶ ಕಾರ್ನಾಡ್.

ತೆರೆಯ ಮೇಲಿನ ಕಾರ್ನಾಡರನ್ನು ಎಲ್ಲರೂ ಬಲ್ಲರು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ ಅಂದರೆ ಮಕ್ಕಳಿಗೂ ಗೊತ್ತು. ಆದರೆ ಈ ಗಂಭೀರ ಮುಖದ ಹಿಂದೆ ಫಾರಿನ್ನಿಗೆ ಹೋಗಲೇಬೇಕೆಂದು ಹಟ ತೊಟ್ಟ ಒಬ್ಬ ವಿದ್ಯಾರ್ಥಿ ಇದ್ದ. ಅವನ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಅಂಕಕ್ಕಾಗಿ ಗಣಿತ!

ಹುಟ್ಟಿದ್ದು 1938ರ ಮೇ 19ರಂದು, ಮಾಥೇರಾನ್‌ನಲ್ಲಿ. ಅಪ್ಪ ಡಾಕ್ಟರು. ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಂದು ಮಗುವನ್ನೂ ಕಟ್ಟಿಕೊಂಡು ನರ್ಸ್ ಕೆಲಸ ಕಲಿತ ದಿಟ್ಟೆ. ಆಮೇಲೆ ಡಾಕ್ಟರರನ್ನು ಮದುವೆಯಾದರು. ವಿಧವಾ ವಿವಾಹ ಅಂದರೆ ಜನ ಬಾಯಿ ಮೇಲೆ ಬೆರಳಿಡುತ್ತಿದ್ದ ಕಾಲ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಮಾತು ಕೊಂಕಣಿ. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಶಿರಸಿಯಲ್ಲಿ ಕಂಪನಿ ನಾಟಕ, ಯಕ್ಷಗಾನ ಎರಡನ್ನೂ ಕಣ್ತುಂಬ ನೋಡಿದ ಹುಡುಗ. ಚಿತ್ರ ಬರೆಯುವ ಚಟವೂ ಇತ್ತು. ದೊಡ್ಡ ದೊಡ್ಡವರ ಮುಖ ಬರೆದು ಅವರಿಗೇ ಅಂಚೆಯಲ್ಲಿ ಕಳಿಸಿ ಆಟೋಗ್ರಾಫ್ ಕೇಳೋದು! ಐರ್ಲೆಂಡಿನ ನಾಟಕಕಾರ ಶಾನ್ ಓ’ಕೇಸಿ ಮಾತ್ರ, ಇದರಲ್ಲಿ ಹೊತ್ತು ಕಳೆಯಬೇಡ, ನಿನ್ನ ಆಟೋಗ್ರಾಫನ್ನೇ ಜನ ಕೇಳುವಂಥದ್ದು ಏನಾದರೂ ಮಾಡು ಎಂಬರ್ಥದಲ್ಲಿ ಬುದ್ಧಿ ಹೇಳಿ ಬರೆದರಂತೆ.

ಆಸೆ ಏನಿತ್ತು ಗೊತ್ತೇ? ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಕವಿಯಾಗೋದು! ಹೋಗಲು ಸ್ಕಾಲರ್‌ಶಿಪ್ ಬೇಕು, ಸ್ಕಾಲರ್‌ಶಿಪ್ಪಿಗೆ ಅಂಕ ಬೇಕು. ಸಾಹಿತ್ಯದಲ್ಲಿ ನೂರಕ್ಕೆ ನೂರು ಯಾರು ಕೊಡ್ತಾರೆ? ಸರಿ, ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಹಿಡಿದು 1958ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮುಂಬಯಿ. ಅಲ್ಲಿ ಅಲ್ಕಾಝಿ ಆಡಿಸಿದ ಸ್ಟ್ರಿಂಡ್‌ಬರ್ಗ್‌ನ ನಾಟಕ ನೋಡಿ ಹುಡುಗ ದಂಗಾದ. ಕಂಪನಿ ನಾಟಕದ ಝಗಮಗ ಕಂಡಿದ್ದವನಿಗೆ ರಂಗದ ಮೇಲೆ ದೀಪ ಮೆಲ್ಲಗೆ ಏರುವುದು, ಮೆಲ್ಲಗೆ ಆರುವುದೇ ಒಂದು ಬೆರಗು. ಇಷ್ಟರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಕೈಗೆ ಬಂತು. 1960ರಲ್ಲಿ ಆಕ್ಸ್‌ಫರ್ಡ್!

ಹೊರಡುವ ಮೊದಲೇ ಜಗಳ

ಅಂದು ಹೊರದೇಶಕ್ಕೆ ಹೋಗೋದು ಇಂದಿನಂತೆ ಮನೆಗೊಬ್ಬರ ಮಾತಲ್ಲ. ಇವರ ದೊಡ್ಡ ಸಂಸಾರದಲ್ಲಿ ಹೀಗೆ ಹೊರಟವರಲ್ಲಿ ಇವರೇ ಮೊದಲಿಗರು. ಸಂಭ್ರಮದ ಜೊತೆಗೆ ಮನೆಯಲ್ಲಿ ಭಯವೂ ಹೊಕ್ಕಿತು. ಹುಡುಗ ಅಲ್ಲೇ ನಿಂತುಬಿಟ್ಟರೆ? ಹುಡುಗನಿಗೋ ಒಳಗೊಳಗೇ ಕಿರಿಕಿರಿ. ಓದು ಮುಗಿಸಿ ಮನೆಯವರಿಗಾಗಿ, ಊರಿಗಾಗಿ ತಿರುಗಿ ಬರಬೇಕೋ, ಜಗತ್ತು ಕರೆದ ಕಡೆ ಹೋಗಬೇಕೋ?

ಈ ಗುದ್ದಾಟದಲ್ಲಿ ಕೂತು ಏನೋ ಬರೆಯತೊಡಗಿದರು. ಇಂಗ್ಲಿಷ್ ಪದ್ಯ ಬರಬೇಕಿತ್ತಲ್ಲ? ಬಂದದ್ದು ಕನ್ನಡ. ಅದೂ ನಾಟಕ. ಅದೂ ಮಹಾಭಾರತದ ಕಥೆ! ಅದೇ ‘ಯಯಾತಿ’. ಮುಪ್ಪಿನ ಶಾಪ ಹೊತ್ತ ಅಪ್ಪ, ತನ್ನ ಯೌವನವನ್ನು ಅವನಿಗೆ ಧಾರೆಯೆರೆದು ತಾನೇ ಮುದುಕನಾಗುವ ಮಗ ಪುರು. ಹಿರಿಯರೆಲ್ಲ ತನ್ನ ಭವಿಷ್ಯವನ್ನೇ ಬಲಿ ಕೇಳುತ್ತಿದ್ದಾರೆ ಅನ್ನುವ ತನ್ನದೇ ಸಿಟ್ಟು ಆ ಪುರಾಣದಲ್ಲಿ ಎಷ್ಟು ಸರಿಯಾಗಿ ಕೂತಿತ್ತು ಅಂತ ಮುಂದೆ ಅವರೇ ಆಶ್ಚರ್ಯಪಟ್ಟು ಬರೆದಿದ್ದಾರೆ. ನನ್ನ ಮಟ್ಟಿಗೆ ಹೇಳೋದಾದರೆ, ಫಾರಿನ್ನಿಗೆ ಮಗನನ್ನು ಕಳಿಸುವ ಪ್ರತಿ ಮನೆಯಲ್ಲೂ ಸ್ವಲ್ಪ ಯಯಾತಿ, ಸ್ವಲ್ಪ ಪುರು ಇದ್ದೇ ಇರುತ್ತಾರೆ. ನಮ್ಮ ಬೀದಿಯ ಆ ತಾಯಿ ಅದನ್ನೇ ಬೇರೆ ಮಾತಲ್ಲಿ ಹೇಳಿದ್ದು ತಾನೇ?

ಆಕ್ಸ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದರು. ಮಾತಿನ ಮಲ್ಲರ ಅಖಾಡ ಅಂತ ಹೆಸರಾದ ಆಕ್ಸ್‌ಫರ್ಡ್ ಯೂನಿಯನ್ನಿಗೆ 1962-63ರಲ್ಲಿ ಅಧ್ಯಕ್ಷರೂ ಆದರು. ಶಿರಸಿಯ ಹುಡುಗ ಇಂಗ್ಲಿಷರನ್ನು ಇಂಗ್ಲಿಷಿನಲ್ಲೇ ಗೆದ್ದ ಅನ್ನಿ! ಅವರು ಅಲ್ಲಿದ್ದಾಗಲೇ, 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯ ಜಿ.ಬಿ. ಜೋಶಿಯವರು ‘ಯಯಾತಿ’ಯನ್ನು ಅಚ್ಚು ಹಾಕಿಸಿದರು. ಹುಡುಗ ಆಕ್ಸ್‌ಫರ್ಡ್‌ನಲ್ಲಿ, ಹೆಸರು ಮಾತ್ರ ಸುಭಾಸ ರಸ್ತೆಯ ಅಟ್ಟದ ಮೇಲೆ!

1963ರಲ್ಲಿ ವಾಪಸ್. ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ. 1964ಕ್ಕೆ ‘ತುಘಲಕ್’ ಬಂತು.

ಮೂವರು ಹೊರದೇಶದ ವಿದ್ಯಾರ್ಥಿಗಳು, ಒಂದು ಅಗ್ರಹಾರ

ಕಾರ್ನಾಡರು ತಿರುಗಿ ಬಂದ ವರ್ಷವೇ ತೀರ್ಥಹಳ್ಳಿ ತಾಲೂಕಿನ ಇನ್ನೊಬ್ಬರು ಇಂಗ್ಲೆಂಡಿಗೆ ಹೊರಟರು. ಯು.ಆರ್. ಅನಂತಮೂರ್ತಿ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಒಂದು ದಿನ ತಮ್ಮ ಮೇಷ್ಟ್ರು, ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರಕ್ಕೆ ಹೋದರು. ಸ್ವೀಡಿಷ್ ಮಾತು, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ! ಅರ್ಧಂಬರ್ಧ ಅರ್ಥವಾದರೂ ಪ್ಲೇಗಿನ ಆ ಚಿತ್ರ ಮನಸ್ಸು ಕಲಕಿತು. ಯೂರೋಪಿನವರು ಓದಿ ತಿಳಿದು ಕಲ್ಪಿಸಿಕೊಳ್ಳಬೇಕಾದ ಆ ಹಳೇ ಕಾಲ ಭಾರತದವನಿಗೆ ಇನ್ನೂ ಕಣ್ಣೆದುರಿಗೇ ಬದುಕಿದೆಯಲ್ಲ ಅಂತ ಇಬ್ಬರಲ್ಲೂ ಮಾತು ಬಂತು. ಆ ಮಾತೇ ಬೀಜ. ಬರ್ಮಿಂಗ್‌ಹ್ಯಾಮ್‌ನ ಚಳಿಯಲ್ಲಿ ಕೂತು ಮಲೆನಾಡಿನ ಅಗ್ರಹಾರಕ್ಕೆ ಪ್ಲೇಗ್ ಬಂದ ಕಥೆ ಬರೆದರು. ‘ಸಂಸ್ಕಾರ’! ಒಂದು ಸಿನಿಮಾ ನೋಡಿ ಕಾದಂಬರಿ ಹುಟ್ಟಿತು, ಆ ಕಾದಂಬರಿಯಿಂದ ಮತ್ತೆ ಸಿನಿಮಾ. ಇಂಥ ಯೋಗ ಎಷ್ಟು ಕಥೆಗಳಿಗುಂಟು?

ಚಿತ್ರ ಮಾಡಿದವರು ಪಟ್ಟಾಭಿರಾಮ ರೆಡ್ಡಿ. ನೆಲ್ಲೂರಿನ ಕಡೆಯವರು, ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಿಂತವರು ಆಕ್ಸ್‌ಫರ್ಡ್‌ನ ಕಾರ್ನಾಡ್. ಲೆಕ್ಕ ಹಾಕಿ: ಕಥೆಗಾರ, ನಿರ್ದೇಶಕ, ನಾಯಕ, ಮೂವರೂ ಪರದೇಶದಲ್ಲಿ ಪುಸ್ತಕ ಹಿಡಿದವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಅಂತೂ ಆಸ್ಟ್ರೇಲಿಯಾದವರೇ. ಆದರೂ ತೆರೆಯ ಮೇಲೆ ಒಂದಿಂಚೂ ಪರದೇಶವಿಲ್ಲ! ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ, ದಹನವಾಗದೆ ಕೊಳೆಯುವ ಹೆಣ, ಶಾಸ್ತ್ರ ಹುಡುಕುತ್ತ ಕೂತ ಬ್ರಾಹ್ಮಣರು... ದೂರ ಹೋಗಿ ನಿಂತು ನೋಡಿದ್ದಕ್ಕೇ ಮನೆಯ ಒಳಗು ಇವರಿಗೆ ಅಷ್ಟು ನಿಚ್ಚಳವಾಗಿ ಕಂಡಿತು ಅಂತ ನನಗನಿಸುತ್ತದೆ.

ಸೆನ್ಸಾರಿನವರು ಮೊದಲು ತಡೆದರು. ಕೊನೆಗೆ ಚಿತ್ರ ಬಿಡುಗಡೆಯಾಯಿತು. 1970ರ ಶ್ರೇಷ್ಠ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ. ಕನ್ನಡಕ್ಕೆ ಅದೇ ಮೊದಲು!

ಅದೇ ವರ್ಷ ಕಾರ್ನಾಡರು ನೌಕರಿಗೆ ಶರಣು ಹೊಡೆದರು. ಬಿ.ವಿ. ಕಾರಂತರ ಜೊತೆ ‘ವಂಶವೃಕ್ಷ’ ನಿರ್ದೇಶಿಸಿದರು, ಇಬ್ಬರಿಗೂ 1971ರ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ. ಮರುಮದುವೆಗೆ ಹಾತೊರೆಯುವ ವಿಧವೆ ಕಾತ್ಯಾಯಿನಿಯ ಕಥೆ ಅದು. ಕೃಷ್ಣಾಬಾಯಿಯವರ ಮಾತು ನೆನಪಿಡಿ ಅಂದಿದ್ದೆನಲ್ಲ? ಇಲ್ಲಿ ನೋಡಿ. ಅದೇ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ ಸಂಪತ್ ಕುಮಾರ್ ಎಂಬ ಹುಡುಗನೇ ಮುಂದೆ ‘ನಾಗರಹಾವು’ ಚಿತ್ರದಿಂದ ವಿಷ್ಣುವರ್ಧನ್ ಆದದ್ದು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕತ್ತಿ ಹಿಡಿದು ಬಂದವರು ಶಂಕರ್ ನಾಗ್. ಅಭಿಮಾನಿಗಳೇ, ನಿಮ್ಮ ಸಾಹಸಸಿಂಹ, ನಿಮ್ಮ ಆಟೋರಾಜ ಇಬ್ಬರಿಗೂ ಮೊದಲ ಬಾಗಿಲು ತೆರೆದದ್ದು ಅದೇ ಆಕ್ಸ್‌ಫರ್ಡ್ ಕೈ!

ಎಲ್ಲರೂ ಬಂದರೇ? ಇಲ್ಲ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಓದಲು ಅಮೆರಿಕಾಕ್ಕೆ ಹೋದವರು ಚಿಕಾಗೋದಲ್ಲೇ ಮೇಷ್ಟ್ರಾಗಿ ನಿಂತರು, 1993ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಕನ್ನಡದಲ್ಲಿ ಪದ್ಯ ಬರೆಯೋದು ಬಿಡಲಿಲ್ಲ. ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದು 1976ರಲ್ಲಿ ಜಗತ್ತಿನ ಕೈಗಿಟ್ಟವರೂ ಅವರೇ. ಇದನ್ನೂ ಆ ತಾಯಿಗೆ ಹೇಳಿದೆ. ‘ಪದ್ಯ ಬರೀಲಿ ಬಿಡಿ ಸಾರ್, ವಾರಕ್ಕೊಂದ್ಸಲ ಫೋನ್ ಮಾಡಿದ್ರೆ ಸಾಕು’ ಅಂದರು!

ಕಾರ್ನಾಡರು ಮಾತ್ರ ಹೋಗೋದು ಬರೋದು ಮಾಡುತ್ತಲೇ ಇದ್ದರು. 1987-88ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರು. 2000ದಿಂದ 2003ರವರೆಗೆ ಲಂಡನ್ನಿನ ನೆಹರೂ ಸೆಂಟರಿನ ನಿರ್ದೇಶಕರು. ಮತ್ತೆ ಬೆಂಗಳೂರು. ಮರುವರ್ಷ ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ ರಂಗಶಂಕರ ತೆರೆಯಿತು. ಅಲ್ಲಿನ ಅಂಗಳದಲ್ಲಿ ಅವರನ್ನು ಕಂಡು ಕೈಮುಗಿದವರು ಎಷ್ಟೋ ಮಂದಿ, ಅವರಲ್ಲಿ ನಾನೂ ಒಬ್ಬ.

2019ರ ಜೂನ್ 10ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅದಕ್ಕೆ ಎಂಟು ವರ್ಷ ಮೊದಲು ಆತ್ಮಕಥೆ ಬರೆದರು, ‘ಆಡಾಡತ ಆಯುಷ್ಯ’. ಇಂಗ್ಲಿಷ್ ಕವಿಯಾಗಲು ಹೊರಟಿದ್ದವರು ಅದನ್ನು ಬರೆದದ್ದು ಕನ್ನಡದಲ್ಲಿ. ಐವತ್ತು ವರ್ಷದ ಹಿಂದೆ ‘ಯಯಾತಿ’ ತಂದ ಧಾರವಾಡದ ಅದೇ ಮನೋಹರ ಗ್ರಂಥಮಾಲೆ ಅದನ್ನೂ ಅಚ್ಚು ಹಾಕಿಸಿತು.